ನೋಡ್ ಮಾಡ್ಯೂಲ್ಸ್ ಒಳಗೆ ಏನಿದೆ? ಎನ್‌ಪಿಎಂ, ಪಿಎನ್‌ಪಿಎಂ, ಯಾರ್ನ್, ಬನ್: ಯಾವುದು ನಿಮಗೆ ಸರಿ

ಒಂದು ಖಾಲಿ ಫೋಲ್ಡರ್ ಮಾಡಿ. ಒಳಗೆ ಹೋಗಿ ಎನ್‌ಪಿಎಂನಿಂದ ಎಕ್ಸ್‌ಪ್ರೆಸ್ (ವೆಬ್ ಸರ್ವರ್ ಬರೆಯಲು ಬಳಸುವ ಪ್ಯಾಕೇಜ್) ಒಂದನ್ನೇ ಇನ್‌ಸ್ಟಾಲ್ ಮಾಡಿ. ಪ್ಯಾಕೇಜ್ ಅಂದರೆ ಬೇರೆಯವರು ಬರೆದಿಟ್ಟ ಕೋಡ್‌ನ ಕಟ್ಟು. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಪ್ರಾಜೆಕ್ಟ್‌ಗೆ ಅದನ್ನು ತಂದುಕೊಡುವ ಎನ್‌ಪಿಎಂ ಥರದ ಟೂಲ್‌ಗೆ ಪ್ಯಾಕೇಜ್ ಮ್ಯಾನೇಜರ್ ಅನ್ನುತ್ತಾರೆ. ಈಗ ನೋಡ್ ಮಾಡ್ಯೂಲ್ಸ್ ಫೋಲ್ಡರ್ ತೆರೆದು ನೋಡಿ. ಕೇಳಿದ್ದು ಒಂದು, ಬಂದು ಕೂತಿರುವುದು 60ಕ್ಕೂ ಜಾಸ್ತಿ. ಬಾಡಿ-ಪಾರ್ಸರ್, ಕುಕಿ, ಡೀಬಗ್, ಕ್ಯೂಎಸ್ ಎಲ್ಲವೂ ಎಕ್ಸ್‌ಪ್ರೆಸ್‌ನ ಪಕ್ಕದಲ್ಲೇ ಸಾಲಾಗಿ ಇವೆ. ಇವರಲ್ಲಿ ನಾವು ಕರೆದ ನೆಂಟ ಯಾರು, ನೆಂಟನ ಬೆನ್ನಿಗೆ ಬಂದವರು ಯಾರು ಅಂತ ಫೋಲ್ಡರ್ ನೋಡಿ ಹೇಳಲು ಆಗುವುದಿಲ್ಲ.

ಪ್ಯಾಕೇಜ್ ಮ್ಯಾನೇಜರ್ ಆರಿಸುವ ಮಾತು ಬಂದಾಗಲೆಲ್ಲ ವೇಗದ ಚರ್ಚೆ ಶುರುವಾಗುತ್ತದೆ. ಇದು ಇಷ್ಟು ಸೆಕೆಂಡ್, ಅದು ಅಷ್ಟು ಸೆಕೆಂಡ್. ನನಗೆ ವೇಗಕ್ಕಿಂತ ಮುಖ್ಯ ಅನಿಸುವುದು ಬೇರೆ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ನಾನು ಬರೆದಿರುವ ಪಟ್ಟಿ, ನನ್ನ ಕೋಡ್‌ಗೆ ನಿಜವಾಗಿ ಕೈಗೆ ಸಿಗುವ ಪಟ್ಟಿ, ಇವೆರಡೂ ಒಂದೇನಾ? ಒಂದಾಗಿದ್ದರೆ ನೆಮ್ಮದಿ. ಇಲ್ಲದಿದ್ದರೆ ಇವತ್ತಲ್ಲ ನಾಳೆ ತೊಂದರೆ ಖಂಡಿತ. ಡಿಸ್ಕ್‌ನಲ್ಲಿ ಎಷ್ಟು ಜಾಗ ಹೋಗುತ್ತದೆ ಅನ್ನುವುದು ಎರಡನೇ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ತಂದ ಪ್ಯಾಕೇಜ್‌ಗಳನ್ನು ಎಲ್ಲಿ, ಹೇಗೆ ಇಡುತ್ತಾರೆ ಅನ್ನುವುದರಲ್ಲಿ.

ಮೊದಲು ನೋಡ್‌ನ ಒಂದು ಅಭ್ಯಾಸ

ನಿಮ್ಮ ಕೋಡ್ ಒಂದು ಪ್ಯಾಕೇಜ್ ಕೇಳಿದಾಗ ನೋಡ್ ಏನು ಮಾಡುತ್ತದೆ? ಆ ಕಡತ ಇರುವ ಫೋಲ್ಡರ್‌ನಲ್ಲಿ ನೋಡ್ ಮಾಡ್ಯೂಲ್ಸ್ ಇದೆಯಾ ಅಂತ ನೋಡುತ್ತದೆ. ಅಲ್ಲಿ ಸಿಗದಿದ್ದರೆ ಒಂದು ಮೆಟ್ಟಿಲು ಮೇಲಿನ ಫೋಲ್ಡರ್. ಅಲ್ಲೂ ಇಲ್ಲದಿದ್ದರೆ ಇನ್ನೂ ಮೇಲೆ. ಹೀಗೆ ಡಿಸ್ಕ್‌ನ ಬುಡದವರೆಗೂ ಹೋಗುತ್ತದೆ. ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. "ಇದನ್ನು ನೀನು ಪಟ್ಟಿಯಲ್ಲಿ ಬರೆದಿದ್ದೀಯಾ?" ಅಂತ ಅದು ಯಾವತ್ತೂ ಕೇಳುವುದಿಲ್ಲ. ಮುಂದೆ ಹೇಳುವ ಎಲ್ಲದರ ಮೂಲ ಈ ಅಭ್ಯಾಸವೇ.

ಎನ್‌ಪಿಎಂ 2ರವರೆಗೆ ಪ್ರತಿ ಪ್ಯಾಕೇಜ್ ತನಗೆ ಬೇಕಾದ್ದನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತಿತ್ತು. ನೋಡ್ ಮಾಡ್ಯೂಲ್ಸ್ ಒಳಗೆ ಪ್ಯಾಕೇಜ್, ಅದರೊಳಗೆ ಮತ್ತೊಂದು ನೋಡ್ ಮಾಡ್ಯೂಲ್ಸ್, ಅದರೊಳಗೆ ಇನ್ನೊಂದು. ಯಾರು ಯಾರಿಗೆ ಸೇರಿದವರು ಅನ್ನುವುದು ಅಲ್ಲಿ ಸ್ಪಷ್ಟ. ಆದರೆ ಒಂದೇ ಪ್ಯಾಕೇಜ್‌ನ ಅದೇ ಆವೃತ್ತಿ ಹತ್ತಾರು ಕಡೆ ಬಂದು ಬೀಳುತ್ತಿತ್ತು. ವಿಂಡೋಸ್‌ನಲ್ಲಿ ಕಡತದ ಪೂರ್ತಿ ವಿಳಾಸಕ್ಕೆ 260 ಅಕ್ಷರಗಳ ಮಿತಿ ಬೇರೆ. ಆಳದ ಫೋಲ್ಡರ್ ಆ ಮಿತಿ ದಾಟಿತೆಂದರೆ ಅದನ್ನು ಅಳಿಸುವುದೂ ಕಷ್ಟವಾಗುತ್ತಿತ್ತು.

2015ರಲ್ಲಿ ಬಂದ ಎನ್‌ಪಿಎಂ 3 ಇದನ್ನು ಚಪ್ಪಟೆ ಮಾಡಿತು. ಒಳಗಿದ್ದ ಪ್ಯಾಕೇಜ್‌ಗಳನ್ನು ಆದಷ್ಟೂ ಮೇಲಿನ ಮಟ್ಟಕ್ಕೆ ಎತ್ತಿ ಇಡುವುದು. ಇದಕ್ಕೆ ಹೋಯ್ಸ್ಟಿಂಗ್ ಅನ್ನುತ್ತಾರೆ. ಸಾಮಾನನ್ನೆಲ್ಲ ಕೋಣೆಯಿಂದ ತೆಗೆದು ಅಟ್ಟಕ್ಕೇರಿಸಿದ ಹಾಗೆ. ಎಲ್ಲರೂ ಅದೇ ಅಟ್ಟಕ್ಕೆ ಕೈಹಾಕಬಹುದು, ಹಾಗಾಗಿ ಪ್ರತಿಗಳು ಕಡಿಮೆಯಾದವು. ಒಂದೇ ಪ್ಯಾಕೇಜ್‌ನ ಎರಡು ಆವೃತ್ತಿ ಬೇಕಾದರೆ ಒಂದು ಮಾತ್ರ ಅಟ್ಟ ಹತ್ತುತ್ತದೆ. ಇನ್ನೊಂದು ಬೇಕಾದವರ ಹೊಟ್ಟೆಯಲ್ಲೇ ಉಳಿಯುತ್ತದೆ. ಅದು ನಾಲ್ಕು ಜನಕ್ಕೆ ಬೇಕಾಗಿದ್ದರೆ ನಾಲ್ಕು ಪ್ರತಿ. ಇವತ್ತಿಗೂ ಎನ್‌ಪಿಎಂನ ಮಾಮೂಲಿ ಜೋಡಣೆ ಇದೇ.

ಪಟ್ಟಿಯಲ್ಲಿಲ್ಲದ ನೆಂಟ

ಅಟ್ಟ ಎಲ್ಲರಿಗೂ ತೆರೆದಿದೆ ಅಂದರೆ ನಿಮ್ಮ ಕೋಡ್‌ಗೂ ತೆರೆದಿದೆ ಅಂತಾಯಿತು. ಮೇಲಿನ ಎಕ್ಸ್‌ಪ್ರೆಸ್ ಫೋಲ್ಡರ್‌ನಲ್ಲೇ ಪ್ರಯತ್ನಿಸಿ. ಒಂದು ಕಡತ ತೆರೆದು ಡೀಬಗ್ ಅನ್ನುವ ಪ್ಯಾಕೇಜ್ ಕೇಳಿ. ನೀವು ಅದನ್ನು ಇನ್‌ಸ್ಟಾಲ್ ಮಾಡಿಲ್ಲ, ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಆದರೂ ಕೋಡ್ ಸಲೀಸಾಗಿ ಓಡುತ್ತದೆ. ಎಡಿಟರ್ ಅದರ ಹೆಸರನ್ನು ತಾನಾಗಿಯೇ ಸೂಚಿಸಲೂಬಹುದು. ಒಂದು ಕೋಡ್ ನೆಚ್ಚಿಕೊಂಡ ಪ್ಯಾಕೇಜ್‌ಗೆ ಡಿಪೆಂಡೆನ್ಸಿ ಅನ್ನುತ್ತಾರೆ. ಹೀಗೆ ಪಟ್ಟಿಯಲ್ಲಿಲ್ಲದೆ ಸಿಗುವಂಥದ್ದಕ್ಕೆ ಫ್ಯಾಂಟಮ್ ಡಿಪೆಂಡೆನ್ಸಿ ಅನ್ನುತ್ತಾರೆ.

ಇದರಲ್ಲಿ ತೊಂದರೆ ಏನು? ಎಕ್ಸ್‌ಪ್ರೆಸ್ 4 ತನಗಾಗಿ ತರುವುದು ಡೀಬಗ್‌ನ 2ನೇ ಸರಣಿ. ಎಕ್ಸ್‌ಪ್ರೆಸ್ 5 ತರುವುದು 4ನೇ ಸರಣಿ. ನೀವು ಎಕ್ಸ್‌ಪ್ರೆಸ್ ಏರಿಸಿದ ದಿನ, ನೀವು ಮುಟ್ಟದೇ ಇರುವ ಡೀಬಗ್ ನಿಮ್ಮ ಕೋಡ್‌ನ ಕೆಳಗೆ ಎರಡು ದೊಡ್ಡ ಆವೃತ್ತಿ ಜಿಗಿದಿರುತ್ತದೆ. ನಾಳೆ ಎಕ್ಸ್‌ಪ್ರೆಸ್ ತಂಡ ಡೀಬಗ್ ಬೇಡ ಅಂತ ತೀರ್ಮಾನ ಮಾಡಿದರೆ ಅದು ಅಟ್ಟದಿಂದಲೇ ಮಾಯ.

ನನಗೆ ಇದರ ಬಿಸಿ ತಟ್ಟಿದ್ದು ಒಂದು ಕೆಲಸದ ಪ್ರಾಜೆಕ್ಟ್‌ನಲ್ಲಿ. ಬಿಲ್ಡ್‌ಗೆ (ಬರೆದ ಕೋಡ್ ಅನ್ನು ಓಡಿಸಲು ಸಿದ್ಧ ಮಾಡುವ ಹಂತ) ಬಳಸುತ್ತಿದ್ದ ಒಂದು ಸಣ್ಣ ಟೂಲ್ ಅನ್ನು ಹೊಸ ಆವೃತ್ತಿಗೆ ಏರಿಸಿದೆವು. ಒಂದೇ ಸಾಲಿನ ಬದಲಾವಣೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ. ಸರ್ವರ್‌ನಲ್ಲಿ ಮಾತ್ರ ಲೋಡ್ಯಾಶ್ ಅನ್ನುವ ಪ್ಯಾಕೇಜ್ ಸಿಗುತ್ತಿಲ್ಲ ಅಂತ ಬಿಲ್ಡ್ ನಿಂತುಹೋಯಿತು. ಆ ಟೂಲ್‌ಗೂ ಲೋಡ್ಯಾಶ್‌ಗೂ ಏನು ಸಂಬಂಧ ಅಂತ ಸಂಜೆವರೆಗೂ ಹುಡುಕಿದೆ. ಕೊನೆಗೆ ಗೊತ್ತಾಯಿತು: ನಮ್ಮ ಕೋಡ್‌ನ ಮೂರು ಕಡತಗಳು ಲೋಡ್ಯಾಶ್ ಬಳಸುತ್ತಿದ್ದವು, ಆದರೆ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಅದು ಯಾವತ್ತೂ ಇರಲಿಲ್ಲ. ಅಷ್ಟು ದಿನ ಆ ಟೂಲ್ ಅದನ್ನು ತಂದುಕೊಡುತ್ತಿತ್ತು. ಹೊಸ ಆವೃತ್ತಿಯಲ್ಲಿ ಬಿಟ್ಟಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದ್ದದ್ದು ಯಾಕೆ? ಎರಡು ಮೆಟ್ಟಿಲು ಮೇಲಿನ ಫೋಲ್ಡರ್‌ನಲ್ಲಿ ಹಳೆಯ ಯಾವುದೋ ಪ್ರಯೋಗದ ನೋಡ್ ಮಾಡ್ಯೂಲ್ಸ್ ಇತ್ತು. ಅದರಲ್ಲಿ ಲೋಡ್ಯಾಶ್ ಇತ್ತು. ನೋಡ್ ತನ್ನ ಅಭ್ಯಾಸದಂತೆ ಮೇಲೆ ಹತ್ತಿ ಅದನ್ನು ಎತ್ತಿಕೊಂಡಿತ್ತು.

ಅವತ್ತಿನಿಂದ ಪ್ಯಾಕೇಜ್ ಮ್ಯಾನೇಜರ್‌ಗಳನ್ನು ನಾನು ನೋಡುವ ರೀತಿಯೇ ಬದಲಾಯಿತು.

ಎನ್‌ಪಿಎಂ: ಏನೂ ಹೊಸದಾಗಿ ಕಲಿಯಬೇಕಿಲ್ಲ

ಎನ್‌ಪಿಎಂ ನೋಡ್ ಜೊತೆಗೇ ಬರುತ್ತದೆ. ಇದು ಸಣ್ಣ ಲಾಭವಲ್ಲ. ಯಾವ ಹೋಸ್ಟಿಂಗ್, ಯಾವ ಟ್ಯುಟೋರಿಯಲ್, ಯಾವ ಟೂಲ್ ಆದರೂ ಎನ್‌ಪಿಎಂನ ಚಪ್ಪಟೆ ಜೋಡಣೆಯನ್ನು ಅರ್ಥ ಮಾಡಿಕೊಳ್ಳುತ್ತದೆ.

ಜಾಗದ ಲೆಕ್ಕ ಮಾತ್ರ ಭಾರ. ಎನ್‌ಪಿಎಂ ಒಮ್ಮೆ ಇಳಿಸಿಕೊಂಡ ಪ್ಯಾಕೇಜ್ ಅನ್ನು ನಿಮ್ಮ ಹೋಮ್ ಫೋಲ್ಡರ್‌ನ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಅದೇ ಆವೃತ್ತಿಯನ್ನು ಇನ್ನೊಂದು ಪ್ರಾಜೆಕ್ಟ್‌ಗೆ ಹಾಕುವಾಗ ಮತ್ತೆ ನೆಟ್‌ನಿಂದ ಇಳಿಸಬೇಕಾಗಿಲ್ಲ. ಎನ್‌ಪಿಎಂ ಬಳಸಿದರೆ ಪ್ರತಿ ಸಲ ಡೇಟಾ ಖರ್ಚು ಅಂತ ತುಂಬ ಜನ ನಂಬಿದ್ದಾರೆ. ಅದು ತಪ್ಪು. ಆದರೆ ಕ್ಯಾಶ್‌ನಿಂದ ಪ್ರತಿ ಪ್ರಾಜೆಕ್ಟ್‌ಗೂ ಪೂರ್ತಿ ಪ್ರತಿ ಬಿಚ್ಚಿ ಹಾಕುತ್ತದೆ. ಹತ್ತು ಪ್ರಾಜೆಕ್ಟ್ ಇದ್ದರೆ ಹತ್ತು ರಿಯಾಕ್ಟ್, ಹತ್ತು ಟೈಪ್‌ಸ್ಕ್ರಿಪ್ಟ್, ಜೊತೆಗೆ ಕ್ಯಾಶ್‌ನಲ್ಲಿ ಇನ್ನೊಂದು.

ಎನ್‌ಪಿಎಂನಲ್ಲೇ ಇರುತ್ತೀರಾದರೆ ಒಂದು ರೂಢಿ ಮಾಡಿಕೊಳ್ಳಿ. ಸರ್ವರ್‌ನಲ್ಲಿ, ಬಿಲ್ಡ್ ಯಂತ್ರದಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬೇಡ, ಎನ್‌ಪಿಎಂ ಸಿಐ ಬಳಸಿ. ಅದು ಹಳೆಯ ನೋಡ್ ಮಾಡ್ಯೂಲ್ಸ್ ಅಳಿಸಿ, ಲಾಕ್ ಕಡತದಲ್ಲಿ (ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿಡುವ ಕಡತ) ಇರುವುದನ್ನು ಮಾತ್ರ ಹೊಸದಾಗಿ ಹಾಕುತ್ತದೆ. ಲಾಕ್ ಕಡತ ಪ್ಯಾಕೇಜ್ ಡಾಟ್ ಜೇಸನ್‌ಗೆ ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಇದರಿಂದ ಫ್ಯಾಂಟಮ್ ಡಿಪೆಂಡೆನ್ಸಿ ಹೋಗುವುದಿಲ್ಲ. ಆದರೆ "ನನ್ನ ಯಂತ್ರದಲ್ಲಿ ಓಡುತ್ತದೆ" ಅನ್ನುವ ಮಾತು ಕಡಿಮೆಯಾಗುತ್ತದೆ.

ಪಿಎನ್‌ಪಿಎಂ: ಒಂದೇ ಕಣಜ, ಹಲವು ಮನೆ

ಜೋಲ್ಟಾನ್ ಕೋಚನ್ ಮುಂದಾಳತ್ವದಲ್ಲಿ ಬೆಳೆದ ಪಿಎನ್‌ಪಿಎಂ ಎರಡೂ ಪ್ರಶ್ನೆಗೆ ಒಟ್ಟಿಗೆ ಕೈಹಾಕಿತು. ನನಗೆ ಇದು ತುಂಬ ಇಷ್ಟವಾದ ವ್ಯವಸ್ಥೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಯಂತ್ರದಲ್ಲಿ ಒಂದು ಸ್ಟೋರ್ ಇರುತ್ತದೆ. ಕಣಜ ಅಂದುಕೊಳ್ಳಿ. ಇಳಿಸಿದ ಪ್ರತಿ ಕಡತವೂ ಅಲ್ಲಿಗೆ ಹೋಗುತ್ತದೆ. ಪ್ಯಾಕೇಜ್ ಲೆಕ್ಕದಲ್ಲಿ ಅಲ್ಲ, ಕಡತದ ಲೆಕ್ಕದಲ್ಲಿ. ಕಡತದೊಳಗೆ ಏನಿದೆಯೋ ಅದರಿಂದ ತೆಗೆದ ಹ್ಯಾಶ್ ಅದರ ಗುರುತು. ಹಾಗಾಗಿ ಒಂದೇ ವಿಷಯ ಇರುವ ಕಡತ ಕಣಜದಲ್ಲಿ ಒಂದೇ ಸಲ ಇರುತ್ತದೆ. 100 ಕಡತ ಇರುವ ಪ್ಯಾಕೇಜ್‌ನ ಹೊಸ ಆವೃತ್ತಿಯಲ್ಲಿ ಎರಡೇ ಕಡತ ಬದಲಾಗಿದ್ದರೆ ಕಣಜಕ್ಕೆ ಹೊಸದಾಗಿ ಸೇರುವುದು ಆ ಎರಡೇ.

ಪ್ರಾಜೆಕ್ಟ್‌ಗೆ ಇದು ತಲುಪುವುದು ಹಾರ್ಡ್ ಲಿಂಕ್ ಮೂಲಕ. ಹಾರ್ಡ್ ಲಿಂಕ್ ಅಂದರೆ ಡಿಸ್ಕ್ ಮೇಲೆ ಇರುವ ಒಂದೇ ಕಡತಕ್ಕೆ ಇನ್ನೊಂದು ಹೆಸರು. ನಕಲು ಅಲ್ಲ, ಶಾರ್ಟ್‌ಕಟ್ಟೂ ಅಲ್ಲ. ಲಿನಕ್ಸ್ ಇದ್ದರೆ ಕಣ್ಣಾರೆ ನೋಡಬಹುದು. ಒಂದೇ ಆವೃತ್ತಿಯ ಪ್ಯಾಕೇಜ್ ಇರುವ ಎರಡು ಪ್ರಾಜೆಕ್ಟ್ ತೆಗೆದುಕೊಳ್ಳಿ. ಎರಡರಲ್ಲೂ ಆ ಪ್ಯಾಕೇಜ್‌ನ ಅದೇ ಕಡತದ ಮೇಲೆ ಎಲ್ಎಸ್ ಆದೇಶವನ್ನು ಎಲ್ ಮತ್ತು ಐ ಆಯ್ಕೆಗಳ ಜೊತೆ ಕೊಡಿ. ಸಾಲಿನ ಮೊದಲಿಗೆ ಬರುವ ಉದ್ದನೆಯ ಐನೋಡ್ ಸಂಖ್ಯೆ ಎರಡು ಕಡೆಯೂ ಒಂದೇ. ಅನುಮತಿಗಳ ಪಕ್ಕದ ಅಂಕಿ ಆ ಕಡತಕ್ಕೆ ಒಟ್ಟು ಎಷ್ಟು ಹೆಸರಿವೆ ಅಂತ ಹೇಳುತ್ತದೆ. ಮೊದಲ ಸಲ ಆ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಮ್ಯಾಕ್‌ನ ಎಪಿಎಫ್‌ಎಸ್, ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಥರದ ಫೈಲ್ ಸಿಸ್ಟಂಗಳಲ್ಲಿ ಪಿಎನ್‌ಪಿಎಂ ಹಾರ್ಡ್ ಲಿಂಕ್ ಬದಲು ಕ್ಲೋನ್ ಮಾಡುತ್ತದೆ, ಅಂದರೆ ತಿದ್ದುವವರೆಗೂ ಮೂಲದ ಜಾಗವನ್ನೇ ಹಂಚಿಕೊಳ್ಳುವ ಪ್ರತಿ. ಅಲ್ಲಿ ಐನೋಡ್ ಬೇರೆ ಬೇರೆ ಕಾಣಬಹುದು, ಆದರೆ ಡಿಸ್ಕ್‌ನ ಜಾಗ ಹಂಚಿಕೆಯಾಗಿಯೇ ಇರುತ್ತದೆ.

ಇದು ಜಾಗದ ಮಾತು. ಈಗ ಪಟ್ಟಿಯ ಮಾತು. ಪಿಎನ್‌ಪಿಎಂ ಹಾಕಿದ ನೋಡ್ ಮಾಡ್ಯೂಲ್ಸ್ ತೆರೆದರೆ ಎಕ್ಸ್‌ಪ್ರೆಸ್ ಒಂದೇ ಕಾಣುತ್ತದೆ. 60 ಜನ ಎಲ್ಲಿ ಹೋದರು? ಚುಕ್ಕಿಯಿಂದ ಶುರುವಾಗುವ, ಡಾಟ್ ಪಿಎನ್‌ಪಿಎಂ ಅನ್ನುವ ಅಡಗಿದ ಫೋಲ್ಡರ್‌ನಲ್ಲಿ ಇದ್ದಾರೆ. ಮೇಲೆ ಕಾಣುವ ಎಕ್ಸ್‌ಪ್ರೆಸ್ ಬರೀ ಸಿಮ್‌ಲಿಂಕ್, ಆ ಅಡಗಿದ ಫೋಲ್ಡರ್ ಕಡೆಗೆ ಬೊಟ್ಟು ಮಾಡುತ್ತದೆ. ಅಲ್ಲಿ ಎಕ್ಸ್‌ಪ್ರೆಸ್‌ಗೆ ಅದರದೇ ಒಂದು ಸಣ್ಣ ನೋಡ್ ಮಾಡ್ಯೂಲ್ಸ್. ಅದರಲ್ಲಿ ಎಕ್ಸ್‌ಪ್ರೆಸ್‌ನ ಪಕ್ಕ ಅದು ಕೇಳಿದ ಡೀಬಗ್, ಕುಕಿ, ಕ್ಯೂಎಸ್ ಥರದವು ಮಾತ್ರ. ಅವೂ ಸಿಮ್‌ಲಿಂಕ್‌ಗಳೇ. ನೋಡ್ ಸಿಮ್‌ಲಿಂಕ್‌ನ ನಿಜವಾದ ವಿಳಾಸ ಹಿಡಿದು, ಅಲ್ಲಿಂದ ಮೇಲೆ ಹತ್ತುತ್ತದೆ. ಹಾಗಾಗಿ ಎಕ್ಸ್‌ಪ್ರೆಸ್‌ಗೆ ಡೀಬಗ್ ಸಿಗುತ್ತದೆ. ನಿಮ್ಮ ಕೋಡ್‌ಗೆ ಸಿಗುವುದಿಲ್ಲ. ನೋಡ್‌ನ ಹಳೆಯ ಅಭ್ಯಾಸ ಒಂಚೂರೂ ಬದಲಾಗಿಲ್ಲ, ಸಾಮಾನು ಇಟ್ಟ ಜಾಗ ಮಾತ್ರ ಬದಲಾಗಿದೆ. ಇದು ಎಷ್ಟು ಚೆಂದದ ಉಪಾಯ ಅಲ್ವಾ?

ಇದರ ಜೊತೆ ಬಾಳಲು ಕೆಲವು ವಿಷಯ ಗೊತ್ತಿರಬೇಕು. ನೋಡ್ ಮಾಡ್ಯೂಲ್ಸ್ ಒಳಗಿನ ಕಡತವನ್ನು ಸುಮ್ನೆ ತೆರೆದು ತಿದ್ದಿ ಪರೀಕ್ಷೆ ಮಾಡುವ ಚಾಳಿ ಇದ್ದರೆ ಇವತ್ತೇ ಬಿಡಿ. ಹಾರ್ಡ್ ಲಿಂಕ್ ಇದ್ದಾಗ ನೀವು ತಿದ್ದುವುದು ಕಣಜದ ಕಡತವನ್ನೇ. ಎಲ್ಲ ಪ್ರಾಜೆಕ್ಟ್‌ಗೂ ಆ ತಿದ್ದುಪಡಿ ಹೋಗುತ್ತದೆ. ತಿದ್ದಲೇಬೇಕಾದರೆ ಪಿಎನ್‌ಪಿಎಂ ಪ್ಯಾಚ್ ಅನ್ನುವ ಆದೇಶ ಇದೆ. ಹಾಗೆಯೇ ಹಾರ್ಡ್ ಲಿಂಕ್ ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ವಿಂಡೋಸ್‌ನಲ್ಲಿ ಸಿ ಡ್ರೈವ್‌ನಲ್ಲೂ ಡಿ ಡ್ರೈವ್‌ನಲ್ಲೂ ಪ್ರಾಜೆಕ್ಟ್ ಇದ್ದರೆ ಎರಡು ಕಣಜ ಆಗುತ್ತವೆ. ನೀವೇ ಹಟ ಹಿಡಿದು ಒಂದೇ ಕಣಜ ಹೊಂದಿಸಿದರೆ ಬೇರೆ ಡ್ರೈವ್‌ಗೆ ಪೂರ್ತಿ ನಕಲು ಹೋಗುತ್ತದೆ. ಎಕ್ಸ್‌ಫ್ಯಾಟ್ ಮಾಡಿದ ಪೆನ್ ಡ್ರೈವ್‌ನಲ್ಲಿ ಹಾರ್ಡ್ ಲಿಂಕ್ ಇಲ್ಲವೇ ಇಲ್ಲ.

ಇನ್ನೊಂದು ಗೊಂದಲ ಫೋಲ್ಡರ್‌ನ ಗಾತ್ರದ್ದು. ಪಿಎನ್‌ಪಿಎಂಗೆ ಬಂದ ಮೇಲೂ ಒಂದು ಪ್ರಾಜೆಕ್ಟ್‌ನ ನೋಡ್ ಮಾಡ್ಯೂಲ್ಸ್ ಮೇಲೆ ಒತ್ತಿ ನೋಡಿದರೆ ಗಾತ್ರ ಹಿಂದಿನಷ್ಟೇ ತೋರಿಸಬಹುದು. ಆ ಲೆಕ್ಕಕ್ಕೆ ಹಂಚಿಕೆ ಗೊತ್ತಿಲ್ಲ. ಡಿಸ್ಕ್‌ನಲ್ಲಿ ಒಟ್ಟು ಉಳಿದ ಖಾಲಿ ಜಾಗ ನೋಡಿ, ಅದು ಸುಳ್ಳು ಹೇಳುವುದಿಲ್ಲ. ಯಾರೂ ಬಳಸದ ಕಡತ ಕಣಜದಲ್ಲಿ ತುಂಬಿಕೊಂಡರೆ ಪಿಎನ್‌ಪಿಎಂ ಸ್ಟೋರ್ ಪ್ರೂನ್ ಅಂದರೆ ಸಾಕು.

2025ರ ಜನವರಿಯಲ್ಲಿ ಬಂದ ಪಿಎನ್‌ಪಿಎಂ 10, ಡಿಪೆಂಡೆನ್ಸಿಗಳು ಇನ್‌ಸ್ಟಾಲ್ ಹೊತ್ತಿನಲ್ಲಿ ತಮ್ಮ ಸ್ಕ್ರಿಪ್ಟ್ ಓಡಿಸುವುದನ್ನೂ ತಡೆಯಿತು. ನೀವು ಒಪ್ಪಿದವು ಮಾತ್ರ ಓಡುತ್ತವೆ. ಎಲ್ಲಿಂದಲೋ ಬಂದ 60 ನೆಂಟರಲ್ಲಿ ಯಾರೋ ಒಬ್ಬರು ನಿಮ್ಮ ಯಂತ್ರದಲ್ಲಿ ಏನೋ ಓಡಿಸುವುದು ಸಣ್ಣ ವಿಷಯವಲ್ಲ. ಈ ಒಂದು ಕಾರಣಕ್ಕೇ ಪಿಎನ್‌ಪಿಎಂಗೆ ಬಂದವರೂ ಇದ್ದರೆ ನಾನು ಮೆಚ್ಚುತ್ತೇನೆ.

ಯಾರ್ನ್: ಫೋಲ್ಡರೇ ಬೇಡ ಅಂದವರು

2016ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಹೊರತಂದ ಮೊದಲ ಯಾರ್ನ್, ಇಡುವ ರೀತಿಯಲ್ಲಿ ಎನ್‌ಪಿಎಂ ಥರವೇ ಚಪ್ಪಟೆ. ಲಾಕ್ ಕಡತವನ್ನು ಎಲ್ಲರಿಗೂ ರೂಢಿ ಮಾಡಿಸಿದ್ದು ಅದರ ದೊಡ್ಡ ಕೊಡುಗೆ. ಮರುವರ್ಷ ಬಂದ ಎನ್‌ಪಿಎಂ 5 ತಾನೂ ಲಾಕ್ ಕಡತ ಬರೆಯಲು ಶುರು ಮಾಡಿತು. ಹಳೆಯ ಪ್ರಾಜೆಕ್ಟ್‌ನಲ್ಲಿ ಯಾರ್ನ್ 1 ಇದ್ದರೆ ಇರಲಿ, ಹೊಸದಕ್ಕೆ ಬೇಡ.

2020ರ ಯಾರ್ನ್ 2 ಬೇರೆಯೇ ದಾರಿ ಹಿಡಿಯಿತು. ಪ್ಲಗ್ ಅಂಡ್ ಪ್ಲೇ ಅನ್ನುವ ಈ ವಿಧಾನದಲ್ಲಿ ನೋಡ್ ಮಾಡ್ಯೂಲ್ಸ್ ಫೋಲ್ಡರೇ ಇಲ್ಲ. ಪ್ಯಾಕೇಜ್‌ಗಳು ಜಿಪ್ ಕಡತಗಳಾಗಿಯೇ ಉಳಿಯುತ್ತವೆ. ಯಾವ ಪ್ಯಾಕೇಜ್ ಎಲ್ಲಿದೆ, ಯಾರಿಗೆ ಯಾವುದು ಸಲ್ಲುತ್ತದೆ ಅನ್ನುವ ಪಟ್ಟಿ ಒಂದೇ ಕಡತದಲ್ಲಿ. ನೋಡ್ ಮೆಟ್ಟಿಲು ಹತ್ತಿ ಹುಡುಕುವುದನ್ನು ತಡೆದು ಯಾರ್ನ್ ಆ ಪಟ್ಟಿ ನೋಡಿ ಉತ್ತರ ಕೊಡುತ್ತದೆ. ಪಟ್ಟಿಯಲ್ಲಿಲ್ಲದ್ದನ್ನು ಕೇಳಿದರೆ ಯಾರು ಏನು ಕೇಳಿದರು, ಯಾಕೆ ಕೊಡಲಿಲ್ಲ ಅಂತ ಬಿಡಿಸಿ ಹೇಳುತ್ತದೆ. ಇರುವವುಗಳಲ್ಲಿ ಅತ್ಯಂತ ಕಟ್ಟುನಿಟ್ಟು ಇದೇ. ಆ ಜಿಪ್‌ಗಳನ್ನು ಗಿಟ್ ರೆಪೊಗೇ, ಅಂದರೆ ತಂಡ ಕೋಡ್ ಕೂಡಿಡುವ ಜಾಗಕ್ಕೇ, ಹಾಕಿಬಿಟ್ಟರೆ ಅದನ್ನು ಇಳಿಸಿಕೊಂಡವರು ಇನ್‌ಸ್ಟಾಲ್ ಮಾಡದೆಯೇ ಪ್ರಾಜೆಕ್ಟ್ ಓಡಿಸಬಹುದು. ರೆಪೊ ಮಾತ್ರ ವರ್ಷದಿಂದ ವರ್ಷಕ್ಕೆ ಊದುತ್ತದೆ, ಅದನ್ನು ಮರೆಯಬೇಡಿ.

ಇದರ ಬೆಲೆ ಅಂದರೆ ಹೊಂದಾಣಿಕೆ. ನೋಡ್ ಮಾಡ್ಯೂಲ್ಸ್ ಇದೆ ಅಂದುಕೊಂಡು ಬರೆದ ಟೂಲ್‌ಗಳು ಮುಗ್ಗರಿಸುತ್ತವೆ. ವಿಎಸ್ ಕೋಡ್ ಎಡಿಟರ್‌ಗೆ ಇದನ್ನು ಅರ್ಥ ಮಾಡಿಸುವ ಪ್ರತ್ಯೇಕ ಎಸ್‌ಡಿಕೆ ಹಾಕಬೇಕು. ಮೊಬೈಲ್ ಆ್ಯಪ್ ಬರೆಯಲು ಬಳಸುವ ರಿಯಾಕ್ಟ್ ನೇಟಿವ್ ಇದರಲ್ಲಿ ಓಡುವುದಿಲ್ಲ. ನನ್ನ ಅನಿಸಿಕೆ: ತಂಡದಲ್ಲಿ ಇದನ್ನೇ ನೋಡಿಕೊಳ್ಳುವ ಒಬ್ಬರಿದ್ದರೆ ಮಾತ್ರ ಕೈಹಾಕಿ. ಯಾರ್ನ್‌ನ ಹೊಸ ಆವೃತ್ತಿ ಇಷ್ಟ, ಈ ವಿಧಾನ ಬೇಡ ಅನ್ನುವವರು ನೋಡ್‌ಲಿಂಕರ್ ಅನ್ನುವ ಒಂದೇ ಸಾಲಿನ ಸೆಟ್ಟಿಂಗ್‌ನಿಂದ ಹಳೆಯ ಫೋಲ್ಡರ್ ರೀತಿಗೆ ಬರಬಹುದು.

ಬನ್

ಬನ್ ವೇಗಕ್ಕೆ ಹೆಸರುವಾಸಿ. ಇಡುವ ರೀತಿಯಲ್ಲಿ ಅದು ಮಧ್ಯದ ದಾರಿ. ಒಂದು ಜಾಗತಿಕ ಕ್ಯಾಶ್ ಇದೆ. ಲಿನಕ್ಸ್‌ನಲ್ಲಿ ಅಲ್ಲಿಂದ ಹಾರ್ಡ್ ಲಿಂಕ್, ಮ್ಯಾಕ್‌ನಲ್ಲಿ ಕ್ಲೋನ್. ಹಾಗಾಗಿ ಜಾಗ ಉಳಿಯುತ್ತದೆ. ಆದರೆ ಅದು ಶುರುವಿನಿಂದ ಬಳಸಿದ್ದು ಎನ್‌ಪಿಎಂನ ಚಪ್ಪಟೆ ಜೋಡಣೆಯನ್ನೇ, ಅಂದರೆ ಫ್ಯಾಂಟಮ್ ಡಿಪೆಂಡೆನ್ಸಿಗೆ ಬಾಗಿಲು ತೆರೆದೇ ಇರುತ್ತದೆ. ಪಿಎನ್‌ಪಿಎಂ ಶೈಲಿಯ ಬೇರ್ಪಟ್ಟ ಜೋಡಣೆ ಹೊಸ ಆವೃತ್ತಿಗಳಲ್ಲಿ ಸಿಗುತ್ತದೆ. ಬನ್ ಆರಿಸಿದರೆ ಆ ಸೆಟ್ಟಿಂಗ್ ಯಾವುದಿದೆ ಅಂತ ಖಂಡಿತ ನೋಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಈಗಷ್ಟೇ ಕಲಿಯುತ್ತಿದ್ದೀರಾ? ಎನ್‌ಪಿಎಂನಲ್ಲೇ ಇರಿ. ರಿಯಾಕ್ಟ್ ಕಲಿಯುವ ಹೊತ್ತಿನಲ್ಲಿ ಸಿಮ್‌ಲಿಂಕ್ ತಲೆನೋವು ಬೇಡ. ಒಂದೇ ಪ್ರಾಜೆಕ್ಟ್, ಸಣ್ಣ ತಂಡ, ಎಲ್ಲ ಸರಿಯಾಗಿ ಓಡುತ್ತಿದೆ ಅಂದರೂ ಬದಲಾಯಿಸುವ ಅವಸರ ಇಲ್ಲ.

256 ಜಿಬಿ ಡಿಸ್ಕ್‌ನ ಲ್ಯಾಪ್‌ಟಾಪ್, ಐದಾರು ಕ್ಲೈಂಟ್‌ಗಳ ಪ್ರಾಜೆಕ್ಟ್, ಪಕ್ಕದಲ್ಲಿ ನಿಮ್ಮದೇ ನಾಲ್ಕು ಪ್ರಯೋಗಗಳು, ಹೀಗಿದ್ದರೆ ಪಿಎನ್‌ಪಿಎಂ. ಎರಡು ಮಾತಿಲ್ಲ. ಒಂದೇ ರೆಪೊದಲ್ಲಿ ಹಲವು ಆ್ಯಪ್ ಇಟ್ಟುಕೊಳ್ಳುವ ಮೊನೊರೆಪೊಗೂ ಇದೇ. ಅಲ್ಲಿ ಫ್ಯಾಂಟಮ್ ಡಿಪೆಂಡೆನ್ಸಿಯ ಕಾಟ ದುಪ್ಪಟ್ಟು, ಯಾಕೆಂದರೆ ಒಂದು ಆ್ಯಪ್ ತಂದದ್ದು ರೆಪೊದ ಬುಡದ ಅಟ್ಟ ಹತ್ತಿ ಪಕ್ಕದ ಆ್ಯಪ್‌ಗೂ ಸಿಗುತ್ತದೆ. ಆ ಆ್ಯಪ್ ಅನ್ನು ಮಾತ್ರ ಪ್ರತ್ಯೇಕವಾಗಿ ಸರ್ವರ್‌ಗೆ ಹಾಕಿದ ದಿನ ಬಣ್ಣ ಬಯಲಾಗುತ್ತದೆ. ಇನ್ನೊಬ್ಬರು ಬಳಸುವ ಲೈಬ್ರರಿ ಬರೆದು ಪ್ರಕಟಿಸುವವರಾದರಂತೂ ಕಟ್ಟುನಿಟ್ಟಿನ ಜೋಡಣೆ ಬೇಕೇ ಬೇಕು. ನಿಮ್ಮ ಪಟ್ಟಿಯ ತಪ್ಪಿಗೆ ಬೇರೆಯವರ ಬಿಲ್ಡ್ ಮುರಿಯಬಾರದು.

ಡಾಕರ್ (ಆ್ಯಪ್ ಅನ್ನು ಕಂಟೇನರ್ ಅನ್ನುವ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಟೂಲ್) ಒಳಗೆ ಬಳಸುವುದಾದರೆ ಜಾಗ ಉಳಿಯುತ್ತದೆ ಅನ್ನುವ ಆಸೆಯಿಂದ ಪಿಎನ್‌ಪಿಎಂ ಆರಿಸಬೇಡಿ. ಒಂದು ಕಂಟೇನರ್‌ನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಪ್ರಾಜೆಕ್ಟ್. ಹಂಚಿಕೊಳ್ಳಲು ಪಕ್ಕದ ಮನೆಯೇ ಇಲ್ಲ.

ಬದಲಾಯಿಸುವವರಿಗೆ

ಎನ್‌ಪಿಎಂನಿಂದ ಪಿಎನ್‌ಪಿಎಂಗೆ ಹೋಗುವಾಗ ಲಾಕ್ ಕಡತ ಅಳಿಸಿ ಹೊಸದಾಗಿ ಶುರು ಮಾಡಬೇಡಿ. ಹಾಗೆ ಮಾಡಿದರೆ ಎಲ್ಲ ಆವೃತ್ತಿಗಳೂ ಒಟ್ಟಿಗೆ ಬದಲಾಗಿ, ಯಾವುದು ಯಾವುದರಿಂದ ಮುರಿಯಿತು ಅಂತ ತಿಳಿಯುವುದಿಲ್ಲ. ಮೊದಲು ಪಿಎನ್‌ಪಿಎಂ ಇಂಪೋರ್ಟ್ ಆದೇಶ ಕೊಡಿ. ಹಳೆಯ ಲಾಕ್ ಕಡತ ಓದಿ ಅದೇ ಆವೃತ್ತಿಗಳ ಹೊಸ ಲಾಕ್ ಕಡತ ಬರೆದುಕೊಡುತ್ತದೆ. ಆಮೇಲೆ ಹಳೆಯ ಲಾಕ್ ಕಡತ ಮತ್ತು ನೋಡ್ ಮಾಡ್ಯೂಲ್ಸ್ ಅಳಿಸಿ, ಪಿಎನ್‌ಪಿಎಂ ಇನ್‌ಸ್ಟಾಲ್ ಮಾಡಿ, ಬಿಲ್ಡ್ ಓಡಿಸಿ.

ಬಿಲ್ಡ್ ನಿಲ್ಲುತ್ತದೆ. ಗಾಬರಿ ಬೇಡ. ಇಂಥ ಮಾಡ್ಯೂಲ್ ಸಿಗುತ್ತಿಲ್ಲ ಅಂತ ಬರುವ ಒಂದೊಂದು ದೂರೂ ಇಷ್ಟು ದಿನ ನೀವು ಹೇಳದೆ ಕೇಳದೆ ಎರವಲು ಪಡೆಯುತ್ತಿದ್ದ ಪ್ಯಾಕೇಜ್‌ನ ಹೆಸರು. ಹಳೆಯ ಲಾಕ್ ಕಡತದಲ್ಲಿ ಅದು ಯಾವ ಆವೃತ್ತಿ ಇತ್ತು ನೋಡಿ, ಅದನ್ನೇ ಪ್ಯಾಕೇಜ್ ಡಾಟ್ ಜೇಸನ್‌ಗೆ ಸೇರಿಸಿ. ಎಲ್ಲವನ್ನೂ ಮತ್ತೆ ಅಟ್ಟಕ್ಕೇರಿಸುವ ಶೇಮ್‌ಫುಲಿ ಹೋಯ್ಸ್ಟ್ ಅನ್ನುವ ಸೆಟ್ಟಿಂಗ್ ಪಿಎನ್‌ಪಿಎಂನಲ್ಲೇ ಇದೆ. ಅದನ್ನು ಮುಟ್ಟಬೇಡಿ, ಬಂದ ಕೆಲಸವೇ ಕೆಡುತ್ತದೆ. ರಿಯಾಕ್ಟ್ ನೇಟಿವ್‌ನ ಹಳೆಯ ಆವೃತ್ತಿಗಳಂಥ, ಸಿಮ್‌ಲಿಂಕ್ ಕಂಡರೆ ಆಗದ ಟೂಲ್ ಇದ್ದರೆ ಮಾತ್ರ ನೋಡ್ ಲಿಂಕರ್ ಅನ್ನುವುದನ್ನು ಹೋಯ್ಸ್ಟೆಡ್ ಅಂತ ಇಟ್ಟು ಚಪ್ಪಟೆ ಜೋಡಣೆ ಪಡೆಯಿರಿ.

ಕೊನೆಗೆ ರೆಪೊದಲ್ಲಿ ಒಂದೇ ಲಾಕ್ ಕಡತ ಉಳಿದಿದೆಯಾ ಅಂತ ನೋಡಿ. ತಂಡದಲ್ಲಿ ಒಬ್ಬರು ಎನ್‌ಪಿಎಂ, ಒಬ್ಬರು ಪಿಎನ್‌ಪಿಎಂ ಓಡಿಸಿದರೆ ಎರಡು ಲಾಕ್ ಕಡತ ಎರಡು ಕಥೆ ಹೇಳುತ್ತವೆ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್ ಅನ್ನುವ ಕಡೆ ಹೆಸರು ಮತ್ತು ಆವೃತ್ತಿ ಬರೆದಿಡಿ. ಮತ್ತೆ ನಿಮ್ಮ ಪ್ರಾಜೆಕ್ಟ್‌ಗಳನ್ನು ಇಡುವ ದೊಡ್ಡ ಫೋಲ್ಡರ್‌ನಲ್ಲಿ, ಅದರ ಮೇಲೆ, ಹೋಮ್ ಫೋಲ್ಡರ್‌ನಲ್ಲಿ ಯಾವತ್ತೋ ಮಾಡಿದ ನೋಡ್ ಮಾಡ್ಯೂಲ್ಸ್ ಉಳಿದಿದೆಯಾ ಹುಡುಕಿ. ಇದ್ದರೆ ಇವತ್ತೇ ಅಳಿಸಿ.